ಕವಿಯ ಗೋರಿಯೂ ಕಲ್ಲಿನ ಕೋಟೆಯೂ

೧೮೪೯ನೆಯ ಇಸವಿ ಅಕ್ಟೋಬರ್ ೮ನೆಯ ತಾರೀಖು, ಅಮೆರಿಕಾ ಸಂಯುಕ್ತ ಸಂಸ್ಥಾನದ ಬಾಲ್ಟಿಮೋರ್ ಪಟ್ಟಣದಲ್ಲಿ ನಲವತ್ತು ವರ್ಷ ವಯಸ್ಸಿನ ಒಬ್ಬ ಗ್ರಂಥಕರ್ತನ ಶವಸಂಸ್ಕಾರವು ನಡೆಯಿತು. ಶವದ ಹಿಂದೆ ಬಂದವರು ಹತ್ತು ಮಂದಿಯೂ ಇರಲಿಲ್ಲ. ಬಂದವರು ಇಷ್ಟೇ ಎಂಬುದನ್ನು ಕಂಡು ಪಾದ್ರಿಯವರು ಉಪದೇಶವನ್ನೇ ಬಿಟ್ಟುಬಿಟ್ಟರೆಂದೂ, ಎಲ್ಲವೂ ಮೂರು ನಿಮಿಷಗಳಲ್ಲಿ ಮುಗಿಯಿತೆಂದೂ ಹೇಳುತ್ತಾರೆ. ಮರುದಿನವೇ ನ್ಯೂಯಾರ್ಕಿನ ಒಂದು ಪತ್ರಿಕೆಯಲ್ಲಿ, ಮೃತನಿಗೆ ಆಗದವನಾದ ಗ್ರಿಸ್ವೋಲ್ಡ್ ಎಂಬಾತನು ಸುಳ್ಳು ಹೆಸರಿನ ಮರೆಯಲ್ಲಿ ನಿಂತು, ಈ ಮರಣದಿಂದ ದುಃಖಪಡುವವರು ಕೆಲವರು ಮಾತ್ರವೆಂಬ ಅರ್ಥದ ಚರಮಲೇಖನವನ್ನು ಪ್ರಕಟಿಸಿದನು. ಸತ್ತವನು ತಿರುಗಿ ಮಾತನಾಡಲಾರನೆಂಬ ಧೈರ್ಯವು ಪತ್ರಿಕಾಪ್ರಪಂಚದಲ್ಲಿ ಹೊಸದೇನೂ ಅಲ್ಲ.

ಹಾಗೆ ಮಣ್ಣುಗೂಡಿದವನು ಎಡ್ಗರ್ ಅಲನ್ ಪೋ. ಭಯಾನಕ ರಸವನ್ನು ಸಣ್ಣ ಕಥೆಯೊಳಗೆ ಹನಿ ಚೆಲ್ಲದಂತೆ ತುಂಬಿದ ಲೇಖಕ. ಪತ್ತೇದಾರಿ ಕಥೆಗೆ ೧೮೪೧ರಲ್ಲಿ ಮೊದಲ ಮಾದರಿಯನ್ನು ಹಾಕಿಕೊಟ್ಟವನು. ಫ್ರಾನ್ಸಿನ ಬೋದಲೇರ್ ಕವಿಯು ವರ್ಷಗಟ್ಟಲೆ ಕುಳಿತು ತನ್ನ ಭಾಷೆಗೆ ತಂದುಕೊಂಡ ಗ್ರಂಥಗಳ ಕರ್ತೃ. ಇಷ್ಟಾದರೂ ಆತನ ಗೋರಿಗೆ ಇಪ್ಪತ್ತಾರು ವರ್ಷಗಳ ಕಾಲ ಹೆಸರಿನ ಕಲ್ಲೊಂದೂ ಇರಲಿಲ್ಲ. ಶ್ಮಶಾನದ ಕಾವಲುಗಾರನು ಗುರುತಿಗಾಗಿ ನೆಟ್ಟ ಮರಳುಗಲ್ಲಿನ ಮೇಲೆ ೮೦ ಎಂಬ ಅಂಕೆ ಮಾತ್ರ ಇದ್ದಿತು. ಬಂಧುವೊಬ್ಬನು ಒಂದು ಕಲ್ಲನ್ನು ಕೆತ್ತಿಸಲು ಹೊರಟದ್ದೂ ಉಂಟು. ಆದರೆ ಅದು ಇನ್ನೂ ಕಲ್ಲುಕುಟಿಗನ ಅಂಗಳದಲ್ಲಿರುವಾಗಲೇ ಹಳಿ ತಪ್ಪಿದ ರೈಲುಬಂಡಿಯೊಂದು ಅದರ ಮೇಲೆ ಹಾಯ್ದು ಪುಡಿಮಾಡಿತು. ಪೋ ತಾನೇ ಬರೆದ ಕಥೆಯಲ್ಲಿ ಇಂಥ ಪ್ರಸಂಗವನ್ನು ತಂದಿದ್ದರೆ ಅತಿಯಾಯಿತೆಂದು ವಿಮರ್ಶಕರು ಹೇಳುತ್ತಿದ್ದರೋ ಏನೋ.

ಇಂದು ಅದೇ ಪಟ್ಟಣದ ಸ್ಥಿತಿಯೇ ಬೇರೆ. ಅಕ್ಟೋಬರ್ ಮಾಸವು ಬಂದಿತೆಂದರೆ ಬಾಲ್ಟಿಮೋರಿನಲ್ಲಿ ಪೋ ಮಹಾಶಯನ ಪುಣ್ಯತಿಥಿಯೇ ಒಂದು ಪರ್ವವಾಗುತ್ತದೆ. ಆತನು ೧೮೩೩ರ ಸುಮಾರಿನಲ್ಲಿ ಅತ್ತೆಯೊಡನೆ ವಾಸವಾಗಿದ್ದ ಇಕ್ಕಟ್ಟಾದ ಇಟ್ಟಿಗೆಯ ಮನೆಯು ೧೯೪೯ರಿಂದ ವಸ್ತುಸಂಗ್ರಹಾಲಯವಾಗಿದೆ. ಗೋರಿಯಿರುವ ವೆಸ್ಟ್‌ಮಿನ್‌ಸ್ಟರ್ ಶ್ಮಶಾನದಲ್ಲಿ ಜನರನ್ನು ಗುಂಪುಗುಂಪಾಗಿ ಕರೆದೊಯ್ದು ಯಾರ ಗೋರಿ ಯಾವುದು, ಯಾರು ಯಾವ ಯುದ್ಧದಲ್ಲಿ ಕಾದಿದರು ಎಂದು ವಿವರಿಸುತ್ತಾರೆ. ೧೮೫೨ರಲ್ಲಿ ಅಲ್ಲಿ ಚರ್ಚನ್ನು ಕಟ್ಟಿದವರು ಹಳೆಯ ಗೋರಿಗಳನ್ನು ಕದಲಿಸದೆ ಅವುಗಳ ಮೇಲೆ ಕಮಾನುಗಳನ್ನೆತ್ತಿ ಕಟ್ಟಿದರಾದುದರಿಂದ, ಕೆಲವು ಸಮಾಧಿಗಳು ಕಟ್ಟಡದ ಅಡಿಯ ಕತ್ತಲೆಯಲ್ಲಿಯೇ ಉಳಿದಿವೆ. ದೀಪ ಹಿಡಿದು ಅಲ್ಲಿಗೂ ಇಳಿಯುತ್ತಾರೆ. ೨೦೦೯ರಲ್ಲಿ, ಜನ್ಮ ದ್ವಿಶತಮಾನೋತ್ಸವದ ವರ್ಷದಲ್ಲಿ, ೧೮೪೯ರ ಮೂರು ನಿಮಿಷಗಳ ಅವಮಾನಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ ಪುರಜನರು ಆತನಿಗೆ ಎರಡನೆಯ ಶವಯಾತ್ರೆಯನ್ನೇ ನಡೆಸಿದರು. ೨೦೨೪ಕ್ಕೆ ಆತನು ಸತ್ತು ೧೭೫ ವರ್ಷಗಳು ತುಂಬಿದವು.

ಹೊಳಲ್ಕೆರೆಯ ವಾಚನಾಲಯದಲ್ಲಿ ಕುಳಿತು ಪತ್ರಿಕೆಯನ್ನು ಬಿಡಿಸುವ ನಮ್ಮ ವಾಚಕನು ಇಲ್ಲಿಗೆ ತಾಳ್ಮೆಗೆಟ್ಟು, ಸಪ್ತಸಾಗರಗಳಾಚೆಯ ಈ ಗೋರಿಯ ಸಮಾಚಾರದಿಂದ ನನಗೇನು ಪ್ರಯೋಜನವೆಂದು ಕೇಳಿಯಾನು. ಕೇಳಬೇಕಾದದ್ದೇ. ಪರದೇಶದವರು ಮಾಡಿದ್ದನ್ನೆಲ್ಲಾ ನಾವೂ ಮಾಡಬೇಕೆಂಬ ಹುಚ್ಚು ನಮ್ಮಲ್ಲಿ ಇನ್ನೂ ಇಳಿದಿಲ್ಲ. ಅದಕ್ಕೆ ತಿದಿಯೂದುವ ಇಚ್ಛೆ ನಮಗೂ ಇಲ್ಲ. ಆದರೆ ಹೊಳಲ್ಕೆರೆಯಿಂದ ಸುಮಾರು ೩೦ ಕಿಲೋಮೀಟರು ದೂರದಲ್ಲಿ ಒಂದು ಕೋಟೆಯಿದೆ. ಆ ಕೋಟೆಯ ಕತ್ತಲೆಯನ್ನೂ ರಕ್ತವನ್ನೂ ಕಂಬನಿಯನ್ನೂ ಕನ್ನಡಕ್ಕೆ ತಂದುಕೊಟ್ಟ ಒಬ್ಬ ಲೇಖಕರಿದ್ದರು. ಅವರ ಪುಣ್ಯತಿಥಿಯು ಏಪ್ರಿಲ್ ೧೦. ಈ ತಾರೀಖನ್ನು ಕೇಳಿದೊಡನೆ ಹೆಸರು ಹೇಳಬಲ್ಲವರು ನಮ್ಮ ಜಿಲ್ಲೆಯ ಆರು ತಾಲ್ಲೂಕು ಕಚೇರಿಗಳಲ್ಲಿ ಎಷ್ಟು ಮಂದಿ ಸಿಕ್ಕಾರೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಆ ಲೇಖಕರು ತ. ರಾ. ಸುಬ್ಬರಾಯರು, ಕನ್ನಡಿಗರೆಲ್ಲರ ಬಾಯಲ್ಲಿ ತ.ರಾ.ಸು. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನ. ಹುಟ್ಟಿದ್ದು ೧೯೨೦ರ ಏಪ್ರಿಲ್ ೨೧ರಂದು ಮಲೇಬೆನ್ನೂರಿನಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಪ್ರಾಧ್ಯಾಪಕ ಪೀಠವನ್ನು ಮೊದಲು ಅಲಂಕರಿಸಿದ, ಕುವೆಂಪು ಅವರು ತಮ್ಮ ಮಹಾಕಾವ್ಯವನ್ನೇ ಅರ್ಪಿಸಿದ ಟಿ. ಎಸ್. ವೆಂಕಣ್ಣಯ್ಯನವರು ಇವರ ದೊಡ್ಡಪ್ಪ. ೧೯೪೨ರಲ್ಲಿ ದೇಶವು ಎದ್ದಾಗ ಸುಬ್ಬರಾಯರು ಕಾಲೇಜನ್ನು ಬಿಟ್ಟು ಚಳುವಳಿಗೆ ಧುಮುಕಿ ಸೆರೆಮನೆಯನ್ನು ಕಂಡರು; ಹೊರಬಂದು ಪತ್ರಿಕೆಗಳಲ್ಲಿ ದುಡಿದರು; ಬಳಿಕ ಲೇಖನಿಯೊಂದನ್ನೇ ನೆಚ್ಚಿ ಬದುಕಿದರು. ಕನ್ನಡದಲ್ಲಿ ಕಾದಂಬರಿಯನ್ನು ಬರೆದು ಸಂಸಾರವನ್ನು ಸಾಗಿಸುವುದೆಂದರೆ ಹೈದರನ ಮುತ್ತಿಗೆಯನ್ನು ತಾಳಿಕೊಂಡಷ್ಟೇ ಕಷ್ಟವೆಂಬುದನ್ನು ಬಲ್ಲವರೇ ಬಲ್ಲರು. ೬೪ನೆಯ ವರ್ಷ ತುಂಬಲು ಹನ್ನೊಂದು ದಿನಗಳು ಉಳಿದಿರುವಾಗ, ೧೯೮೪ರಲ್ಲಿ, ತೀರಿಕೊಂಡರು. ಅವರ ದುರ್ಗಾಸ್ತಮಾನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ೧೯೮೫ರಲ್ಲಿ, ಅದನ್ನು ಕೈಯಲ್ಲಿ ಹಿಡಿಯಲು ಅವರಿಲ್ಲದಾಗ.

ಪೋ ಎಲ್ಲಿ, ತ.ರಾ.ಸು. ಎಲ್ಲಿ ಎಂದು ಪಂಡಿತರು ಆಕ್ಷೇಪಿಸಬಹುದು. ಪೋ ಮನಸ್ಸಿನ ಒಳಕೋಣೆಯ ರೋಗವನ್ನು ಹೇಳಿದವನು, ತ.ರಾ.ಸು. ಸಂಸ್ಥಾನಗಳ ಏಳುಬೀಳನ್ನು ಹೇಳಿದವರು, ಒಪ್ಪಿದೆವು. ಆದರೆ ಇಂಗ್ಲೆಂಡಿನವರು ಗಾಥಿಕ್ ಎಂದು ಕರೆಯುವ ಭೀಕರ ಕಥಾಪ್ರಕಾರವು ೧೭೬೪ರಲ್ಲಿ ಹೊರಾಸ್ ವಾಲ್ಪೋಲನ ಕೈಯಲ್ಲಿ ಹುಟ್ಟಿದ್ದೇ ಒಂದು ಕೋಟೆಯ ಕಥೆಯಾಗಿ. ಪಾಳುಗೋಡೆ, ಸುರಂಗದ ದಾರಿ, ವಂಶಕ್ಕೆ ಅಂಟಿದ ಶಾಪ, ತಾತನ ಪಾಪವು ಮೊಮ್ಮಗನ ಬಾಗಿಲನ್ನು ತಟ್ಟುವುದು, ಇವೇ ಅದರ ಸಾಮಗ್ರಿಗಳು. ದುರ್ಗದ ಚರಿತ್ರೆಯಲ್ಲಿ ಇವು ಯಾವುದಕ್ಕೆ ಕೊರತೆಯಿದೆ? ನಮ್ಮ ಆಲಂಕಾರಿಕರು ಭಯಾನಕವನ್ನೂ ಬೀಭತ್ಸವನ್ನೂ ರಸಗಳ ಪಂಕ್ತಿಯಲ್ಲಿ ಕೂರಿಸಿದುದು ಯೂರೋಪಿಗೆ ಈ ಬುದ್ಧಿ ಬರುವುದಕ್ಕೆ ಶತಮಾನಗಳ ಮೊದಲು. ಕೋಟೆಯ ಮೇಲೆ ತ.ರಾ.ಸು. ಅವರು ಬರೆದ ಎಂಟು ಕಾದಂಬರಿಗಳ ಹೆಸರುಗಳನ್ನು ಓದಿದರೇ ಸಾಕು: ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ, ಹೊಸಹಗಲು, ವಿಜಯೋತ್ಸವ, ರಾಜ್ಯದಾಹ, ಕಸ್ತೂರಿ ಕಂಕಣ, ದುರ್ಗಾಸ್ತಮಾನ. ಮೊದಲ ಮೂರು ಹೆಸರುಗಳಲ್ಲಿಯೇ ಕತ್ತಲೆ ಕವಿದಿದೆ. ಕೊನೆಯದರಲ್ಲಿ ಸೂರ್ಯನೇ ಮುಳುಗಿದ್ದಾನೆ. ನಡುವೆ ಹಗಲೂ ವಿಜಯವೂ ಬಂದು ಹೋಗುವುದು ಆ ಕತ್ತಲೆಯನ್ನು ದಟ್ಟವಾಗಿಸುವುದಕ್ಕೋ ಎಂಬಂತಿದೆ.

ಇನ್ನು ಹಂಸಗೀತೆ. ದುರ್ಗದ ಭೈರವಿ ವೆಂಕಟಸುಬ್ಬಯ್ಯನೆಂಬ ಸಂಗೀತಗಾರನ ಕಥೆಯದು. ದೇವರಿಗೆ ಮೀಸಲಾದ ಗಾನವನ್ನು ಅರಸನಿದಿರು ಹಾಡಲೊಲ್ಲದೆ ನಾಲಗೆಯನ್ನೇ ಕತ್ತರಿಸಿಕೊಳ್ಳುವವನ ಕಥೆ. ಪೋ ಇದನ್ನು ಓದಿದ್ದರೆ ಅಸೂಯೆಪಡುತ್ತಿದ್ದನೆಂದು ನಾವು ಧೈರ್ಯವಾಗಿ ಹೇಳುತ್ತೇವೆ. ಹಿಂದಿಯವರು ಇದನ್ನು ೧೯೫೬ರಲ್ಲಿ ಚಿತ್ರವಾಗಿಸಿದರು. ಕನ್ನಡದ ಚಿತ್ರ ಬರಲು ೧೯೭೫ರವರೆಗೆ ಕಾಯಬೇಕಾಯಿತು. ಇದರಲ್ಲಿರುವ ಪಾಠವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಹೊಳಲ್ಕೆರೆಗೂ ಈ ಕಥೆಗೂ ಇರುವ ನಂಟನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ದುರ್ಗದ ನಾಯಕವಂಶಕ್ಕೆ ಮೂಲಪುರುಷನಾದ ಮತ್ತಿ ತಿಮ್ಮಣ್ಣನಾಯಕನು ವಿಜಯನಗರದ ಅರಸರಿಂದ ಮೊದಲು ಪಡೆದ ನಾಯಕತನವು ಹೊಳಲ್ಕೆರೆಯದು. ಹಿರಿಯೂರೂ ಚಿತ್ರದುರ್ಗವೂ ಆಮೇಲೆ ಬಂದವು. ಅಂದರೆ ತ.ರಾ.ಸು. ಅವರು ಎಂಟು ಕಾದಂಬರಿಗಳಲ್ಲಿ ಹೇಳಿದ ಆ ದೀರ್ಘ ಕಥೆಯ ಮೊದಲ ಮೆಟ್ಟಿಲು ಇರುವುದು ಹೊಳಲ್ಕೆರೆಯಲ್ಲಿ. ಬಯಲಿನಲ್ಲಿ ಬಿಸಿಲು ಮಳೆಗಳಿಗೆ ಮೈಯೊಡ್ಡಿ ಕುಳಿತಿರುವ ಅಲ್ಲಿನ ಎತ್ತರದ ಗಣಪತಿಯು ತಿಮ್ಮಣ್ಣನಾಯಕನಿಗಿಂತಲೂ ಹಿಂದಿನವನು. ಇವೆಲ್ಲವೂ ನಿತ್ಯ ಕಣ್ಣಿಗೆ ಬೀಳುವುದರಿಂದಲೇ ನಮಗೆ ಕಾಣದಂತಾಗಿವೆ.

ತ.ರಾ.ಸು. ಅವರನ್ನು ನಾಡು ಮರೆತಿದೆಯೆಂದು ನಾವು ದೂರುವುದಿಲ್ಲ. ಅದು ಸತ್ಯವೂ ಅಲ್ಲ. ಚಿತ್ರದುರ್ಗದಲ್ಲಿ ತ.ರಾ.ಸು. ರಂಗಮಂದಿರವಿದೆ. ಅವರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲರು ೧೯೭೨ರಲ್ಲಿ ತೆಗೆದ ನಾಗರಹಾವು ಚಿತ್ರವು ಕೋಟೆಯ ಬಂಡೆಗಳನ್ನು ಕನ್ನಡದ ಮನೆಮನೆಗೂ ಮುಟ್ಟಿಸಿತು. ಇಂದಿಗೂ ಬಸ್ಸಿನಿಂದಿಳಿದ ಪ್ರವಾಸಿಗನು ಮೊದಲು ಕೇಳುವುದು ಒನಕೆ ಓಬವ್ವನ ಕಿಂಡಿಯನ್ನೇ. ೨೦೨೧ರಿಂದ ಸರ್ಕಾರವೇ ನವೆಂಬರ್ ೧೧ರಂದು ಓಬವ್ವನ ಜಯಂತಿಯನ್ನು ಆಚರಿಸುತ್ತಿದೆ. (ಕುವೆಂಪು ಅವರ ಪುಣ್ಯತಿಥಿಯೂ ಅದೇ ದಿನ, ಪಂಚಾಂಗದವರು ಇದನ್ನು ಯೋಚಿಸಿದ್ದರೋ ಇಲ್ಲವೋ.) ಹೆಸರಿಗೆ ಕೊರತೆಯಿಲ್ಲ, ಹಾರಕ್ಕೆ ಕೊರತೆಯಿಲ್ಲ. ಓದಿಗೆ ಕೊರತೆಯಿದೆ. ರಂಗಮಂದಿರದ ಮೆಟ್ಟಿಲು ಹತ್ತುವ ತರುಣನನ್ನು ನಿಲ್ಲಿಸಿ, ಹಣೆಯ ಮೇಲೆ ಬರೆದಿರುವ ಆ ಮೂರಕ್ಷರದ ಹೆಸರಿನವರು ಬರೆದ ಒಂದು ಪುಟವನ್ನು ನೆನಪಿನಿಂದ ಹೇಳು ಎಂದರೆ, ಅವನು ಚಿತ್ರದ ಹಾಡನ್ನು ಹೇಳಿಯಾನು.

ಇದರಿಂದ ಒಂದು ವಿಚಿತ್ರ ಪರಿಣಾಮವೂ ಉಂಟಾಗಿದೆ. ಕೋಟೆಯಲ್ಲಿ ಯಾವುದು ಚರಿತ್ರೆ, ಯಾವುದು ಐತಿಹ್ಯ, ಯಾವುದು ಕಾದಂಬರಿ, ಯಾವುದು ಚಲನಚಿತ್ರ ಎಂಬ ಎಲ್ಲೆಗಳು ಅಳಿಸಿಹೋಗುತ್ತಿವೆ. ಓಬವ್ವನ ಸಾಹಸವು ಜನರ ಬಾಯಲ್ಲಿ ಉಳಿದು ಬಂದ ಕಥೆ. ಅದಕ್ಕೆ ತನ್ನದೇ ಆದ ಗೌರವವಿದೆ. ಎಂ. ಎಸ್. ಪುಟ್ಟಣ್ಣನವರು ದುರ್ಗದ ಪಾಳೆಯಗಾರರ ವೃತ್ತಾಂತವನ್ನು ಕೂಡಿಸಿದರು. ಹುಲ್ಲೂರು ಶ್ರೀನಿವಾಸ ಜೋಯಿಸರು ಶಾಸನ, ಕಾಗದಪತ್ರಗಳನ್ನು ಹುಡುಕಿ ಅಲೆದರು. ಅದು ಚರಿತ್ರೆಯ ಕೆಲಸ. ತ.ರಾ.ಸು. ಅವರು ಇವೆಲ್ಲವನ್ನೂ ಜೀರ್ಣಿಸಿಕೊಂಡು, ಮೌನವಿರುವಲ್ಲಿ ಮಾತನ್ನೂ ಬರಿಯ ಹೆಸರಿರುವಲ್ಲಿ ಮುಖವನ್ನೂ ಇಟ್ಟರು. ಅದು ಕಲೆಯ ಕೆಲಸ. ಕಾದಂಬರಿಯ ಮಾತನ್ನು ಶಾಸನದ ಮಾತೆಂದು ಹೇಳಿದರೆ ಚರಿತ್ರೆಗೆ ಅನ್ಯಾಯ. ಕಾದಂಬರಿಕಾರರ ಹೆಸರನ್ನೇ ಎತ್ತದೆ ಹೇಳಿದರೆ ಅವರಿಗೆ ಮತ್ತೂ ದೊಡ್ಡ ಅನ್ಯಾಯ. ಕಲ್ಪಿಸಿದವರು ಕಾಣೆಯಾಗಿ ಕಲ್ಪನೆ ಮಾತ್ರ ತಿರುಗಾಡುವುದಕ್ಕಿಂತ ಹೆಚ್ಚಿನ ಪ್ರೇತಾವಸ್ಥೆ ಲೇಖಕನಿಗೆ ಯಾವುದಿದೆ?

ಮತ್ತೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ರಾಷ್ಟ್ರಾಭಿಮಾನಿಗಳಾದ ನಾವು ಕೋಟೆಯಲ್ಲಿ ಶೌರ್ಯವನ್ನು ಮಾತ್ರ ನೋಡಲಿಚ್ಛಿಸುತ್ತೇವೆ. ಒನಕೆ ನಮಗೆ ಬೇಕು, ಒಳಸಂಚು ಬೇಡ. ಆದರೆ ತ.ರಾ.ಸು. ಅವರು ತಮ್ಮ ಮೊದಲ ಕೋಟೆ ಕಾದಂಬರಿಗಳಿಗೆ ಆರಿಸಿಕೊಂಡದ್ದು ಯಾವ ಕಾಲವನ್ನು? ಹದಿನೇಳನೆಯ ಶತಮಾನದ ಉತ್ತರಾರ್ಧವನ್ನು. ದಳವಾಯಿ ಮುದ್ದಣ್ಣನ ಕೈಯಲ್ಲಿ ಅರಸುತನವು ಆಟದ ಸಾಮಾನಾಗಿ, ಸಿಂಹಾಸನವನ್ನೇರಿದವರು ಶತ್ರುವಿನ ಕೈಯಿಂದಲ್ಲದೆ ಮನೆಯವರ ಕೈಯಿಂದ ಸತ್ತ ಕಾಲವನ್ನು. ೧೬೮೯ರಲ್ಲಿ ಭರಮಣ್ಣನಾಯಕನು ಪಟ್ಟಕ್ಕೆ ಬರುವವರೆಗೆ ಆ ಅರಮನೆಯಲ್ಲಿ ನೆಮ್ಮದಿಯಾಗಿ ನಿದ್ರೆ ಮಾಡಿದವರು ಯಾರೂ ಇದ್ದಂತಿಲ್ಲ. ಪರರಾಜ್ಯದ ದಾಸ್ಯದಿಂದ ಅದೇ ಆಗ ಬಿಡುಗಡೆ ಹೊಂದಿದ್ದ ನಾಡಿಗೆ, ಸೆರೆಮನೆಯನ್ನು ಕಂಡು ಬಂದ ಒಬ್ಬ ದೇಶಭಕ್ತರು ಹೇಳಿದ ಕಥೆಯಿದು: ಏಳು ಸುತ್ತಿನ ಕೋಟೆಯ ಗೋಡೆಯನ್ನು ಹೊರಗಿನವನು ಒಡೆಯುವುದಕ್ಕೆ ಮುಂಚೆ ಒಳಗಿನವನು ಬಾಗಿಲನ್ನು ಸಡಿಲಿಸಿರುತ್ತಾನೆ. ಆ ಕತ್ತಲೆಯನ್ನು ಕಳೆದು, ಉಳಿದದ್ದಕ್ಕೆ ಮಾತ್ರ ಜಯಕಾರ ಹಾಕುವುದಾದರೆ, ನಾವು ಸ್ಮರಿಸುವುದು ಬೇರೆ ಯಾರನ್ನೋ ಆಗುತ್ತದೆ.

ಚರಿತ್ರೆಯೇನೂ ಕಾದಂಬರಿಗಿಂತ ಸೌಮ್ಯವಾಗಿಲ್ಲ. ಕರ್ನಲ್ ವಿಲ್ಕ್ಸ್ ಎಂಬ ಆಂಗ್ಲೇಯ ಇತಿಹಾಸಕಾರನು ೧೮೧೦ರ ಬಳಿಕ ಪ್ರಕಟವಾದ ತನ್ನ ಗ್ರಂಥದಲ್ಲಿ ಹೈದರನ ಮುತ್ತಿಗೆಯನ್ನು ವರ್ಣಿಸಿದ್ದಾನೆ. ದುರ್ಗದ ಬೇಡರು ಪ್ರತಿ ಸೋಮವಾರವೂ ದೇವಿಯ ಪೂಜೆಯನ್ನು ಮುಗಿಸಿ, ಕಹಳೆಯನ್ನು ಊದಿ, ಕೋಟೆಯಿಂದ ಹೊರನುಗ್ಗಿ ಶತ್ರುಗಳ ತಲೆಗಳನ್ನು ತಂದು ಅರ್ಪಿಸುತ್ತಿದ್ದರಂತೆ. ಕಹಳೆಯ ಅರ್ಥವು ಮುತ್ತಿಗೆ ಹಾಕಿದವರಿಗೂ ತಿಳಿದಿತ್ತು. ಯಾವ ಕಡೆಯಿಂದ ಬಂದೆರಗುವರೆಂಬುದು ಮಾತ್ರ ತಿಳಿಯುತ್ತಿರಲಿಲ್ಲ. ೧೭೭೯ರಲ್ಲಿ ಕೋಟೆಯು ಬಿದ್ದಾಗ ಗುಡಿಯ ಮುಂದೆ ಎರಡು ಸಾವಿರ ತಲೆಗಳನ್ನು ಸಣ್ಣ ಸಣ್ಣ ರಾಶಿಗಳಾಗಿ ಸಾಲುಗೂಡಿಸಿ ಇಟ್ಟಿದ್ದುದು ಕಂಡಿತೆಂದು ಆತನು ಬರೆದಿದ್ದಾನೆ. ಗೆದ್ದವರ ಮೂಲದಿಂದ ಕೇಳಿ ಬರೆದವನ ಮಾತನ್ನು ಗುಂಜಿ ತೂಕ ಕಡಿಮೆ ಹಿಡಿದೇ ಸ್ವೀಕರಿಸಬೇಕು. ಆದರೂ ಆ ಸೋಮವಾರದ ಕಹಳೆಯ ಧ್ವನಿ ಓದಿದವನ ಕಿವಿಯನ್ನು ಬಿಡುವುದಿಲ್ಲ. ಕೊನೆಯ ಮದಕರಿನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದರು. ಸಾವಿರಾರು ಬೇಡರನ್ನೂ ಅಲ್ಲಿಗೇ ಸಾಗಿಸಿದರು. ಉಳಿದ ಕೋಟೆಯಲ್ಲಿ ಇಂದು ಮದ್ದು ಬೀಸಿದ ಕಲ್ಲುಗಳಿವೆ, ಎಣ್ಣೆ ತುಪ್ಪಗಳನ್ನು ತುಂಬಿದ ಕೊಳಗಳಿವೆ, ಅಕ್ಕತಂಗಿಯರ ಹೊಂಡವಿದೆ, ಹಿಡಿಂಬೇಶ್ವರನ ಗುಡಿಯಲ್ಲಿ ರಾಕ್ಷಸನ ಹಲ್ಲೆಂದು ತೋರಿಸುವ ಭಾರಿ ಎಲುಬಿದೆ. ಬಾಲ್ಟಿಮೋರಿನವರಿಗೆ ಇದರಲ್ಲಿ ನೂರರಲ್ಲೊಂದು ಪಾಲು ಸಿಕ್ಕಿದ್ದರೆ!

ಸುಡುವ ಪದ್ಧತಿಯವರಾದ ನಮಗೆ ಗೋರಿಯ ಯಾತ್ರೆ ಸಲ್ಲದೆಂದು ಕೆಲವರು ಹೇಳುವುದುಂಟು. ಹೀಗೆ ಹೇಳುವವರು ನಾಡನ್ನು ಕಣ್ತೆರೆದು ನೋಡಿದವರಲ್ಲ. ಊರೂರಿನ ಕೆರೆಯೇರಿಯ ಮೇಲಿರುವ ವೀರಗಲ್ಲುಗಳು, ಮಾಸ್ತಿಕಲ್ಲುಗಳು ಮತ್ತೇನು? ಮಠಗಳ ಗದ್ದುಗೆಗಳು, ಯತಿಗಳ ಬೃಂದಾವನಗಳು, ಸಂತರ ದರ್ಗಾಗಳು ಮತ್ತೇನು? ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ೧೯೪೭ರಲ್ಲಿ, ಅಂದರೆ ದೇಶವು ಸ್ವತಂತ್ರವಾದ ವರ್ಷದಲ್ಲಿಯೇ, ವೀಲರ್ ಎಂಬ ಪ್ರಾಕ್ತನಶಾಸ್ತ್ರಜ್ಞನು ಅಗೆದು ತೆಗೆದದ್ದು ಬೃಹತ್ ಶಿಲೆಗಳ ಸಮಾಧಿಗಳನ್ನು. ಅಶೋಕನ ಶಾಸನವಿರುವ ಬೆಟ್ಟದ ತಪ್ಪಲಿನಲ್ಲಿ ಹೆಸರಿಲ್ಲದ ಜನರು ತಮ್ಮ ಸತ್ತವರನ್ನು ಆನೆಗಾತ್ರದ ಕಲ್ಲುಗಳ ನಡುವೆ ಜೋಪಾನ ಮಾಡಿದ್ದರು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಗೆ ಹೋದವರು ರಾಘವೇಂದ್ರ ಸ್ವಾಮಿಗಳ ಸಮಾಧಿಗೆ ಕೈಮುಗಿಯದೆ ಹಿಂದಿರುಗುವುದಿಲ್ಲ. ಅನಾಥಸೇವಾಶ್ರಮವನ್ನು ಕಟ್ಟಿದ ಯೋಗಾಚಾರ್ಯರೆಂದು ಜನರು ಅವರನ್ನು ಬಲ್ಲರು. ಆದರೆ ‘ತಿರುಕ’ ಎಂಬ ಕಾವ್ಯನಾಮದಿಂದ ಬರೆದ ಗ್ರಂಥಕರ್ತರೂ ಅವರೇ. ೧೯೯೬ರಲ್ಲಿ ಅವರು ದೇಹವನ್ನು ಬಿಟ್ಟರು. ಅವರ ನೆನಪು ಅಲ್ಲಿ ಗದ್ದುಗೆಯ ಹೂವಿನಲ್ಲಿ ಮಾತ್ರವಲ್ಲದೆ ನಾಟಕದ ವೇದಿಕೆಯಲ್ಲಿಯೂ ನಡೆಯುತ್ತಿರುವುದು ಸಂತೋಷದ ಸಂಗತಿ.

ಸಾಹಿತಿಯ ಸಮಾಧಿಯನ್ನು ನಾಡಿನ ಯಾತ್ರಾಸ್ಥಳವಾಗಿ ಮಾಡುವುದು ನಮಗೆ ಸಾಧ್ಯವೆಂಬುದಕ್ಕೆ ಕುಪ್ಪಳಿಯೇ ಸಾಕ್ಷಿ. ೧೯೯೪ರಲ್ಲಿ ಕುವೆಂಪು ಅವರು ಮೈಸೂರಿನಲ್ಲಿ ತೀರಿಕೊಂಡಾಗ ಅವರ ದೇಹವನ್ನು ಹುಟ್ಟೂರಿಗೆ ತಂದು, ಅವರೇ ಕುಳಿತು ಕಾವ್ಯವನ್ನು ಕಂಡ ಕವಿಶೈಲದಲ್ಲಿ ಸಂಸ್ಕಾರ ಮಾಡಿದರು. ಇಂದು ಆ ಬಂಡೆಯನ್ನು ಹತ್ತುವವರು ಕೆಳಗಿನ ಕವಿಮನೆಯನ್ನೂ ನೋಡುತ್ತಾರೆ. ಬಾಣಂತಿಯ ಕೋಣೆ, ಅಡಕೆಯ ಅಟ್ಟ, ಹಸ್ತಪ್ರತಿ, ಪುಸ್ತಕಗಳನ್ನು ನೋಡಿ, ಹೊರಡುವಾಗ ಒಂದು ಗ್ರಂಥವನ್ನು ಕೊಂಡು ಹೋಗುವವರೂ ಉಂಟು. ಕವಿಯ ಮನೆ, ಕವಿಯ ಕಾಡು, ಕವಿಯ ಸಮಾಧಿ, ಕವಿಯ ಪುಸ್ತಕ ಇವು ನಾಲ್ಕೂ ಒಂದೇ ನಡಿಗೆಯಲ್ಲಿ ದೊರೆಯುವುದು ಬಾಲ್ಟಿಮೋರಿನಲ್ಲಿಯೂ ಇಲ್ಲ. ಆದರೆ ೨೦೧೫ರ ನವೆಂಬರಿನಲ್ಲಿ ಕಳ್ಳನೊಬ್ಬನು ಕವಿಮನೆಗೆ ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಅಪಹರಿಸಿದ ಸಂಗತಿಯನ್ನೂ ನಾಡು ಮರೆಯಬಾರದು. ವಸ್ತುಸಂಗ್ರಹಾಲಯಕ್ಕೆ ಉದ್ಘಾಟನೆಯ ದೀಪವೊಂದೇ ಸಾಲದು. ರಾತ್ರಿಯ ದೀಪವೂ ಬೇಕು, ಕಾವಲಿನವನಿಗೆ ತಿಂಗಳು ತಿಂಗಳು ಸಂಬಳವೂ ಬೇಕು.

ಬಾಲ್ಟಿಮೋರಿನವರಿಗೂ ಈ ಪಾಠ ಸುಲಭವಾಗಿ ಬಂದದ್ದಲ್ಲ. ೧೮೭೫ರಲ್ಲಿ ಗೋರಿಗೆ ಕಲ್ಲು ನಿಂತದ್ದು ಸರ್ಕಾರದ ಕೃಪೆಯಿಂದಲ್ಲ. ಸಾರಾ ರೈಸ್ ಎಂಬ ಉಪಾಧ್ಯಾಯಿನಿಯು ೧೮೬೫ರಿಂದ ಹತ್ತು ವರ್ಷಗಳ ಕಾಲ ಶಾಲೆಯವರನ್ನು ಕೂಡಿಸಿಕೊಂಡು ಹಣವನ್ನು ಕೂಡಿಹಾಕಿದುದರಿಂದ. ಅನಾವರಣಕ್ಕೆ ಬಂದ ಹೆಸರಾಂತ ಕವಿ ವಾಲ್ಟ್ ವಿಟ್‌ಮನ್ ಒಬ್ಬನೇ. ಆತನೂ ವೇದಿಕೆಯ ಮೇಲೆ ಮೌನವಾಗಿ ಕುಳಿತಿದ್ದನು. ಇಷ್ಟು ಕಷ್ಟಪಟ್ಟು ನಿಲ್ಲಿಸಿದ ಕಲ್ಲಿನ ಮೇಲೆ ಕವಿಯ ಹುಟ್ಟಿದ ತಾರೀಖು ಒಂದು ದಿನ ತಪ್ಪಾಗಿ ಕೆತ್ತಲ್ಪಟ್ಟಿದೆ. ಜನವರಿ ೧೯ ಆಗಬೇಕಾದದ್ದು ೨೦ ಎಂದಿದೆ. ಸಮಿತಿಗಳ ಕೆಲಸವು ಭೂಮಂಡಲದಲ್ಲೆಲ್ಲಾ ಒಂದೇ ಎಂದು ನಮ್ಮ ಪುರಸಭೆಯವರು ಸಮಾಧಾನಪಟ್ಟುಕೊಳ್ಳಬಹುದು. ಇನ್ನು ಆತನ ಮನೆ: ನಗರಸಭೆಯು ಹಣವನ್ನು ನಿಲ್ಲಿಸಿದ್ದರಿಂದ ೨೦೧೨ರಲ್ಲಿ ಅದಕ್ಕೆ ಬೀಗ ಬಿದ್ದಿತು; ಲಾಭಾಪೇಕ್ಷೆಯಿಲ್ಲದ ಒಂದು ಸಂಘವು ಕೈಹಿಡಿದ ಮೇಲೆ ಮತ್ತೆ ಬಾಗಿಲು ತೆರೆಯಿತು. ಇತ್ತ ಪೋ ಕವಿತೆಯ ಕಾಗೆಯು ಕಾಲ್ಚೆಂಡಿನ ತಂಡಕ್ಕೆ ಹೆಸರಾಗಿ, ಅಂಗಿ ಟೋಪಿಗಳ ಮೇಲೆ ಕುಳಿತು, ಊರೆ ಕೋಟ್ಯಂತರ ಹಣಕ್ಕೆ ಮಾರಾಟವಾಗುತ್ತಿರುವಾಗ, ಆ ಕವಿತೆಯಿಂದ ಬಡ ಪೋ ಗಳಿಸಿದ್ದು ಕೆಲವೇ ಡಾಲರುಗಳು.

ನಾವು ಕೇಳುವುದು ದೊಡ್ಡದೇನೂ ಅಲ್ಲ. ಏಪ್ರಿಲ್ ೧೦ರಂದು ರಂಗಮಂದಿರದಲ್ಲಿ ಭಾಷಣಗಳ ಸರಮಾಲೆಯನ್ನು ಏರ್ಪಡಿಸುವುದರ ಬದಲು, ಆ ದಿನ ಜನರು ಕೋಟೆಯನ್ನು ಹತ್ತಲಿ. ರಂಗಯ್ಯನ ಬಾಗಿಲಿನಲ್ಲಿ ಸರ್ಕಾರದ ವಸ್ತುಸಂಗ್ರಹಾಲಯವಿದೆ. ಅಲ್ಲಿನ ಕತ್ತಿ ಗುರಾಣಿಗಳ ಪಕ್ಕದಲ್ಲಿ ಒಂದು ಕಪಾಟಿನಷ್ಟು ಜಾಗವನ್ನು ತ.ರಾ.ಸು. ಅವರಿಗೆ ಕೊಟ್ಟು, ಕಾದಂಬರಿಗಳ ಮೊದಲ ಮುದ್ರಣಗಳನ್ನೂ, ಅವರು ದುಡಿದ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನೂ, ಚಿತ್ರಪಟಗಳನ್ನೂ ಇಡಲಿ. ಐವತ್ತು ಅರವತ್ತು ವರ್ಷಗಳ ಹಿಂದಿನ ಅಗ್ಗದ ಕಾಗದವು ಮುಟ್ಟಿದರೆ ಮುರಿಯುವ ಸ್ಥಿತಿಗೆ ಬಂದಿದೆ. ಇಂಥ ಪುಸ್ತಕಗಳೂ ಲೇಖಕರ ಕೈಬರಹದ ಕಾಗದಗಳೂ ಜಿಲ್ಲೆಯ ಎಷ್ಟೋ ಮನೆಗಳ ಅಟ್ಟಗಳಲ್ಲಿ ಗೆದ್ದಲಿನ ಬಾಯಲ್ಲಿವೆ. ಕೊಟ್ಟವರಿಗೆ ರಸೀದಿ ಕೊಡುವ, ಪಡೆದದ್ದನ್ನು ಪಟ್ಟಿಗೆ ಏರಿಸುವ ಒಬ್ಬ ಗುಮಾಸ್ತನಿದ್ದರೆ ಅವು ಹೊರಬರುತ್ತವೆ. ಮೊದಲು ಆಗಬೇಕಾದದ್ದು ಇದು. ಉಳಿದದ್ದನ್ನು ಮುಂದಿನ ವರ್ಷ ಮಾಡಬಹುದು. ಗೆದ್ದಲು ಮುಂದಿನ ವರ್ಷದವರೆಗೆ ಕಾಯುವುದಿಲ್ಲ.

ನಡಿಗೆಯ ಕ್ರಮವೂ ಸರಳವೇ. ಏಕನಾಥೇಶ್ವರಿಯ ಗುಡಿಯ ಮುಂದೆ ಒಂದು, ಅಕ್ಕತಂಗಿಯರ ಹೊಂಡದ ಮೆಟ್ಟಿಲ ಮೇಲೆ ಒಂದು, ಅರಮನೆಯ ಮಣ್ಣುಗೋಡೆಗಳ ನಡುವೆ ಒಂದು, ಹೀಗೆ ನಾಲ್ಕೈದು ಕಡೆ ನಿಂತು ಕಾದಂಬರಿಯ ಒಂದೊಂದು ಪ್ರಕರಣವನ್ನು ಗಟ್ಟಿಯಾಗಿ ಓದಬೇಕು. ಓದುವುದಕ್ಕೆ ಪ್ರಾಧ್ಯಾಪಕರೇ ಬೇಕಾಗಿಲ್ಲ. ಹತ್ತನೆಯ ತರಗತಿಯ ಹುಡುಗಿ ಸಾಕು, ತಾಲ್ಲೂಕು ಕಚೇರಿಯ ಶಿರಸ್ತೇದಾರರು ಸಾಕು. ಓದಿದ ಬಳಿಕ ಚರಿತ್ರೆಯನ್ನು ಬಲ್ಲ ಒಬ್ಬರು ಎದ್ದು, ಇದರಲ್ಲಿ ಶಾಸನಕ್ಕೆ ಸೇರಿದ್ದು ಇಷ್ಟು, ಜನಪದಕ್ಕೆ ಸೇರಿದ್ದು ಇಷ್ಟು, ತ.ರಾ.ಸು. ಅವರದು ಇಷ್ಟು ಎಂದು ಐದು ನಿಮಿಷ ಹೇಳಲಿ. ಕಾದಂಬರಿಗೆ ಇದರಿಂದ ಕುಂದು ಬರುವುದಿಲ್ಲ. ತೆಗೆದುಕೊಂಡ ಕಲ್ಲು ಎಷ್ಟು, ಕಟ್ಟಿದ ಮನೆ ಎಷ್ಟು ಎಂಬುದು ಗೊತ್ತಾದಾಗಲೇ ಕಟ್ಟಿದವರ ಕೈಚಳಕ ತಿಳಿಯುವುದು. ರಕ್ತರಾತ್ರಿಯ ಪುಟಗಳನ್ನು ಬಿಡದೆ ಓದಬೇಕೆಂಬುದು ನಮ್ಮ ವಿಶೇಷ ಕೋರಿಕೆ. ಮಕ್ಕಳು ಹೆದರಿಯಾರೆಂದು ಯಾರೂ ಚಿಂತಿಸಬೇಕಾಗಿಲ್ಲ. ಅಜ್ಜಿಯ ಕಥೆಯ ಬ್ರಹ್ಮರಾಕ್ಷಸನನ್ನು ಜೀರ್ಣಿಸಿಕೊಂಡ ಮಕ್ಕಳು ಅವರು.

ಕಾಲದ ವಿಷಯದಲ್ಲಿ ಒಂದು ತೊಡಕಿದೆ. ಭಯಾನಕ ಕಥೆಗೆ ರಾತ್ರಿಯೇ ತಕ್ಕದ್ದು. ಆದರೆ ಕೋಟೆಯು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದುದರಿಂದ ಸಂಜೆಗೆ ಬಾಗಿಲು ಮುಚ್ಚುತ್ತದೆ. ವರ್ಷಕ್ಕೊಂದು ರಾತ್ರಿಯ ಅನುಮತಿಗಾಗಿ ಜಿಲ್ಲಾಧಿಕಾರಿಗಳು ಇಲಾಖೆಗೆ ಬರೆಯಬಹುದು; ಉತ್ತರ ಬರುವವರೆಗೆ ಹಗಲನ್ನೇ ನಂಬಬೇಕು. ಏಪ್ರಿಲ್ ತಿಂಗಳಲ್ಲಿ ದುರ್ಗದ ಬಂಡೆಗಳು ಬೆಳಗಿನ ಒಂಬತ್ತು ಗಂಟೆಗೇ ಕಾದ ಹೆಂಚಾಗುತ್ತವೆ. ಆದುದರಿಂದ ಬಾಗಿಲು ತೆರೆಯುತ್ತಲೇ ಹತ್ತಿಬಿಡಬೇಕು. ಹೊಳಲ್ಕೆರೆಯಿಂದ ಬರುವವರು ನಸುಕಿನ ಮೊದಲ ಬಸ್ಸನ್ನೇ ಹಿಡಿಯಬೇಕಾದೀತು. ಕುಡಿಯುವ ನೀರನ್ನು ಜೊತೆಯಲ್ಲಿ ಒಯ್ಯುವುದು ಒಳ್ಳೆಯದು.